ಕಿಟ್ಟದೊಳಗಿನ ಹರಳು

ಸಂಕ್ರಾಂತಿಗೆ ಎರಡು ದಿನ ಮುಂಚೆ ಅಮ್ಮ ಸಕ್ಕರೆ ಅಚ್ಚು ಹಾಕಲು ಕೂತರೆಂದರೆ ಅಡುಗೆಮನೆಗೆ ನಮಗೆ ಪ್ರವೇಶವಿರಲಿಲ್ಲ. ಪಾಕಕ್ಕೆ ಒಂದಿಷ್ಟು ಹಾಲು ಬಿಟ್ಟು, ಮೇಲೆ ಬಂದ ಕೊಳೆಯನ್ನು ಸೌಟಿನಲ್ಲಿ ತೆಗೆದು, ಬಟ್ಟೆಯಲ್ಲಿ ಸೋಸುವರು. ಸೋಸಿದ ಪಾಕ ನೀರಿನಷ್ಟು ತಿಳಿ. ಅದರಲ್ಲಿ ಸ್ವಲ್ಪವನ್ನು ಸಣ್ಣ ಪಾತ್ರೆಗೆ ಹಾಕಿ, ಒಲೆಯ ಮೇಲಿಟ್ಟು, ಒಂದೇ ಸಮನೆ ತಿರುವುವರು. ನೋಡನೋಡುತ್ತಲೇ ತಿಳಿ ಪಾಕ ಬೆಳ್ಳಗೆ ಮಂದವಾಗುತ್ತಿತ್ತು. ಆ ಗಳಿಗೆ ನೋಡಿ ಮರದ ಅಚ್ಚಿಗೆ ಸುರಿಯಬೇಕು. ತಡವಾದರೆ ಪಾತ್ರೆಯಲ್ಲೇ ಕಲ್ಲು. ಅವಸರ ಮಾಡಿದರೆ ಬಿಡಿಸುವಾಗ ಆನೆಯ ಸೊಂಡಿಲು ಮುರಿದು ಕೈಗೆ ಬರುತ್ತಿತ್ತು. ಮುರಿದ ಸೊಂಡಿಲೆಲ್ಲ ನನ್ನ ಪಾಲು, ಹಾಗಾಗಿ ಅಮ್ಮನ ಅವಸರದ ಬಗ್ಗೆ ನನಗೆ ದೂರುಗಳಿರಲಿಲ್ಲ.

ತಿಳಿಯಾದ ಪಾಕ ಬೆಳ್ಳಗಾಗುವುದು ಅದರೊಳಗೆ ಲಕ್ಷಾಂತರ ಸಣ್ಣ ಹರಳುಗಳು ಒಮ್ಮೆಗೇ ಹುಟ್ಟುವುದರಿಂದ. ಉಕ್ಕಿನ ಕಾರ್ಖಾನೆಯ ಕಸದಿಂದ ಪಿಂಗಾಣಿಯಂಥ ಗಟ್ಟಿ ಹಾಸುಗಲ್ಲು ಮಾಡಿದವರ ಕತೆಯೂ ಸುತ್ತಿ ಬಳಸಿ ಇಲ್ಲಿಗೇ ಬರುತ್ತದೆ.

ಆ ಕಸಕ್ಕೆ ಕನ್ನಡದಲ್ಲಿ ಹಳೆಯ ಹೆಸರಿದೆ: ಕಿಟ್ಟ. ಊದುಕುಲುಮೆಗೆ ಅದಿರು, ಕೋಕ್, ಸುಣ್ಣಕಲ್ಲು ಹಾಕುತ್ತಾರೆ. ಸುಣ್ಣಕಲ್ಲು ಅದಿರಿನ ಮರಳು ಮಣ್ಣನ್ನೆಲ್ಲ ಹಿಡಿದು ಕರಗಿ, ಕಬ್ಬಿಣದ ಮೇಲೆ ಕೆನೆಯಂತೆ ತೇಲುತ್ತದೆ. ಕೋಕ್‌ನಿಂದ ಬರುವ ಗಂಧಕವನ್ನೂ ಅದೇ ಹೀರಿಕೊಳ್ಳಬೇಕು, ಇಲ್ಲವಾದರೆ ಉಕ್ಕು ಪೆಡಸಾಗುತ್ತದೆ. ಈಗಿನ ಒಳ್ಳೆಯ ಕುಲುಮೆಯಲ್ಲೂ ಒಂದು ಟನ್ ಕಬ್ಬಿಣಕ್ಕೆ ಸುಮಾರು 300 ಕಿಲೋ ಕಿಟ್ಟ ಹೊರಬೀಳುತ್ತದೆ. ಹಿಂದೆ ಇನ್ನೂ ಹೆಚ್ಚು. ಉಕ್ಕಿನ ಊರುಗಳ ಪಕ್ಕದಲ್ಲಿ ಗುಡ್ಡಗಳೇ ಎದ್ದಿದ್ದವು.

ಆ ಗುಡ್ಡಗಳಿಗೆ ಆಮೇಲೆ ಬರೋಣ, ಮೊದಲು ಗಾಜಿನ ಕತೆ. ಗಾಜಿನವರ ಪಾಲಿಗೆ ಹರಳು ಎಂದರೆ ಶನಿ. ಕರಗಿದ ಗಾಜನ್ನು ತಪ್ಪಾದ ಶಾಖದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಅಲ್ಲಲ್ಲಿ ಬಿಳಿ ಕಲೆ ಕಟ್ಟುತ್ತದೆ, ತಣಿದ ಮೇಲೆ ಅಲ್ಲಿಂದಲೇ ಸೀಳುತ್ತದೆ. 1739ರಲ್ಲಿ ಫ್ರಾನ್ಸಿನ ವಿಜ್ಞಾನಿ ರಿಯೋಮರ್ ಈ ಶನಿಯನ್ನೇ ದುಡಿಸಿಕೊಳ್ಳಲು ನೋಡಿದ. ಗಾಜಿನ ಬಾಟಲಿಗಳನ್ನು ಮರಳು, ಜಿಪ್ಸಮ್ ಪುಡಿಯಲ್ಲಿ ಹೂತು ದಿನಗಟ್ಟಲೆ ಕೆಂಪಗೆ ಕಾಯಿಸಿದ. ಬಾಟಲಿಗಳು ಪಿಂಗಾಣಿಯಂತೆ ಬೆಳ್ಳಗಾದವು. ಆದರೆ ಹರಳುಗಳು ಹೊರಮೈಯಿಂದ ಒಳಕ್ಕೆ ದಪ್ಪದಪ್ಪವಾಗಿ ಬೆಳೆದಿದ್ದವು, ಅವನ್ನು ಹತೋಟಿಗೆ ತರುವ ದಾರಿ ಅವನಿಗೆ ಹೊಳೆಯಲಿಲ್ಲ. ಅಲ್ಲಿಂದ ಇನ್ನೂರು ವರ್ಷ ಆ ವಿಷಯ ಹಾಗೇ ಬಿದ್ದಿತ್ತು.

ಬಾಗಿಲು ತೆರೆದದ್ದು ಕೆಟ್ಟುಹೋದ ಒಂದು ಯಂತ್ರ. 1953ರಲ್ಲಿ ಅಮೆರಿಕದ ಕಾರ್ನಿಂಗ್ ಗಾಜಿನ ಕಂಪನಿಯ ಡೊನಾಲ್ಡ್ ಸ್ಟೂಕಿ, ಬೆಳ್ಳಿಯ ಅಂಶವಿದ್ದ ಲಿಥಿಯಂ ಗಾಜಿನ ತಟ್ಟೆಯೊಂದನ್ನು 600 ಡಿಗ್ರಿಯಲ್ಲಿ ಕಾಯಿಸಲೆಂದು ಕುಲುಮೆಗೆ ಇಟ್ಟಿದ್ದ. ಮರಳಿ ಬಂದು ನೋಡಿದರೆ ಶಾಖದ ನಿಯಂತ್ರಕ ಸಿಕ್ಕಿಕೊಂಡು 900 ಡಿಗ್ರಿ ತೋರಿಸುತ್ತಿದೆ. ಗಾಜು ಕರಗಿ ಹರಿದು ಕುಲುಮೆಯೂ ಹಾಳಾಗಿರುತ್ತದೆ ಎಂದುಕೊಂಡೇ ಬಾಗಿಲು ತೆಗೆದ. ತಟ್ಟೆ ಆಕಾರ ಕೆಡದೆ, ಹಾಲಿನಂತೆ ಬೆಳ್ಳಗೆ ಕೂತಿತ್ತು. ಇಕ್ಕಳದಲ್ಲಿ ಹಿಡಿದು ಎತ್ತುವಾಗ ಜಾರಿ ನೆಲಕ್ಕೆ ಬಿತ್ತು. ಗಾಜು ಒಡೆದ ಸದ್ದು ಬರಲಿಲ್ಲ. ಉಕ್ಕಿನ ತಗಡು ಬಿದ್ದಂತೆ ಠಣ್ ಎಂದಿತು.

ತಟ್ಟೆಯೊಳಗಿನ ಬೆಳ್ಳಿಯ ಕಣಗಳು ಹೆಪ್ಪಿನ ಕೆಲಸ ಮಾಡಿದ್ದವು. ಒಂದೊಂದು ಕಣದ ಸುತ್ತಲೂ ಒಂದೊಂದು ಹರಳು, ಎಲ್ಲ ಒಂದೇ ಹೊತ್ತಿಗೆ, ಗಾಜಿನ ಒಡಲ ತುಂಬ. ದೊಡ್ಡದಾಗಿ ಬೆಳೆಯಲು ಯಾವುದಕ್ಕೂ ಜಾಗವಿಲ್ಲ. ಬಿರುಕು ಬಿಟ್ಟರೂ ಅದು ನೆಟ್ಟಗೆ ಓಡುವಂತಿಲ್ಲ, ಹೆಜ್ಜೆಗೊಂದು ಹರಳು ಅಡ್ಡ. ಸ್ಟೂಕಿ ಮುಂದೆ ಬೆಳ್ಳಿಯ ಬದಲು ಅಗ್ಗದ ಟೈಟಾನಿಯಂ ಆಕ್ಸೈಡನ್ನು ಹೆಪ್ಪಾಗಿ ಬಳಸಿದ. 1958ರಲ್ಲಿ ಅದೇ ಬಿಳಿ ವಸ್ತು ಕಾರ್ನಿಂಗ್‌ವೇರ್ ಪಾತ್ರೆಯಾಗಿ ಅಡುಗೆಮನೆಗಳನ್ನು ಹೊಕ್ಕಿತು.

ಮಾಸ್ಕೋದಲ್ಲಿ ಮೆಂಡೆಲೀವ್ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯ ಇಸಾಕ್ ಕಿತೈಗೊರೊದ್‌ಸ್ಕಿ ಆ ಹೊತ್ತಿಗಾಗಲೇ ಗಾಜಿನ ವಿದ್ಯೆಯಲ್ಲಿ ಪಳಗಿದ ಮೇಷ್ಟ್ರು. ರಷ್ಯನ್ನಿನಲ್ಲಿ ಗಾಜಿಗೆ ಸ್ತೆಕ್ಲೋ, ಹರಳಿಗೆ ಕ್ರಿಸ್ತಾಲ್. ಎರಡನ್ನೂ ಕೂಡಿಸಿ ಈ ಹೊಸ ವಸ್ತುವಿಗೆ ಸಿಟಾಲ್ ಎಂದು ಹೆಸರಿಟ್ಟವರು ಅವರು. ಅಮೆರಿಕದವರು ಶುದ್ಧ ಕಚ್ಚಾವಸ್ತುವಿನಿಂದ ದುಬಾರಿ ಪಾತ್ರೆ ಮಾಡುತ್ತಿದ್ದಾಗ ಕಿತೈಗೊರೊದ್‌ಸ್ಕಿಯವರ ಕಣ್ಣು ಕಿಟ್ಟದ ಗುಡ್ಡಗಳ ಮೇಲೆ ಬಿತ್ತು. ಸುಣ್ಣ, ಸಿಲಿಕಾ, ಅಲ್ಯೂಮಿನಾ ಎಲ್ಲ ಅದರಲ್ಲಿವೆ. ಮೇಲಿಂದ ಇನ್ನಷ್ಟು ಮರಳು ಬೆರೆಸಿ ಕರಗಿಸಿದರೆ ಗಾಜಾಗುತ್ತದೆ. ಹೆಪ್ಪಿಗೆ ಏನು ಮಾಡುವುದು?

ಉತ್ತರ ಕಿಟ್ಟದೊಳಗೇ ಕೂತಿತ್ತು. ಉಕ್ಕಿನವರು ಬೇಡವೆಂದು ಹೊರದಬ್ಬಿದ ಗಂಧಕ ಕಬ್ಬಿಣ, ಮ್ಯಾಂಗನೀಸ್‌ಗಳ ಜೊತೆ ಕೂಡಿ ಸಲ್ಫೈಡ್ ಕಣಗಳಾಗಿ ಗಾಜಿನ ತುಂಬ ಹರಡಿಕೊಳ್ಳುತ್ತದೆ. ಹರಳು ಕಟ್ಟಲು ಅವೇ ಬೀಜ. ಸಾಲದಿದ್ದರೆ ಒಂದಿಷ್ಟು ಸೋಡಿಯಂ ಸಲ್ಫೇಟ್, ಕಲ್ಲಿದ್ದಲ ಪುಡಿ. ಈ ಸಲ್ಫೈಡ್‌ಗಳಿಂದ ಬರುವ ವಸ್ತುವಿಗೆ ಕಪ್ಪು ಬೂದು ಬಣ್ಣ. ಸತುವಿನ ಆಕ್ಸೈಡ್ ಸೇರಿಸಿದರೆ ಗಂಧಕ ಸತುವಿನ ಕೈಹಿಡಿದು, ಬಿಳಿಯದು ಬರುತ್ತದೆ. ಈ ಕತೆಯಲ್ಲಿ ನನಗೆ ಸ್ಟೂಕಿಯ ತಟ್ಟೆ ಬಿದ್ದ ಸದ್ದಿಗಿಂತ ಇಷ್ಟವಾಗುವುದು ಈ ಗಂಧಕದ ಸಂಗತಿ. ಅಮ್ಮ ಕೊಳೆ ತೆಗೆಯದೆ ಅಚ್ಚು ಹಾಕುತ್ತಿರಲಿಲ್ಲ. ಇಲ್ಲಿ ಕೊಳೆ ತೆಗೆದರೆ ಅಚ್ಚೇ ಇಲ್ಲ.

ಶ್ಲಾಕ್ ಎಂದರೆ ರಷ್ಯನ್ನಿನಲ್ಲಿ ಕಿಟ್ಟ. ಹಾಗಾಗಿ ಇದು ಶ್ಲಾಕೋಸಿಟಾಲ್. 1960ರ ದಶಕದಲ್ಲಿ ಉಕ್ರೇನಿನ ಕೊನ್‌ಸ್ತಾಂತಿನೋವ್ಕಾದ ಗಾಜಿನ ಕಾರ್ಖಾನೆಯಲ್ಲಿ ಇದು ದೊಡ್ಡ ಮಟ್ಟದಲ್ಲಿ ತಯಾರಾಯಿತು. 1937ರಲ್ಲಿ ಕ್ರೆಮ್ಲಿನ್ ಗೋಪುರಗಳನ್ನೇರಿದ ನಕ್ಷತ್ರಗಳ ಮಾಣಿಕ್ಯಗೆಂಪು ಗಾಜು ತಯಾರಾದದ್ದೂ ಇದೇ ಊರಿನಲ್ಲಿ. ಕರಗಿದ ಕಿಟ್ಟದ ಗಾಜು ಉರುಳೆಗಳ ನಡುವೆ ಚಪಾತಿಯಂತೆ ಹಾಳೆಯಾಗಿ ಬಂದು, ಉದ್ದನೆಯ ಗೂಡಿನೊಳಗೆ ಸಾಗುತ್ತಿತ್ತು. ಮೊದಲು ಕಡಿಮೆ ಶಾಖದಲ್ಲಿ ಬೀಜ ಕಟ್ಟಬೇಕು, ಆಮೇಲೆ ಹೆಚ್ಚು ಶಾಖದಲ್ಲಿ ಹರಳು ಬೆಳೆಯಬೇಕು. ಆಚೆ ತುದಿಯಲ್ಲಿ ಸವೆಯದ, ಆಮ್ಲಕ್ಕೆ ಜಗ್ಗದ ಹಲಗೆ ಸಿದ್ಧ. ಕಾರ್ಖಾನೆಯ ನೆಲಕ್ಕೆ, ಕಟ್ಟಡದ ಗೋಡೆಗೆ, ಕಲ್ಲಿದ್ದಲು ಉಜ್ಜಿಕೊಂಡು ಜಾರುವ ದೋಣಿಗಳ ಒಳಮೈಗೆ ಅದನ್ನು ಹೊದಿಸಿದರು. ಬ್ರಿಟನ್ನಿನವರೂ ಸ್ಲ್ಯಾಗ್‌ಸೆರಾಮ್ ಎಂಬ ಹೆಸರಿನಲ್ಲಿ ಇಂಥದ್ದೇ ಮಾಡಿ ನೋಡಿದರು. ಕೊನ್‌ಸ್ತಾಂತಿನೋವ್ಕಾದ ಹೆಸರು ಈಗ ನಮ್ಮ ಕಿವಿಗೆ ಬೀಳುವುದು ಯುದ್ಧದ ಸುದ್ದಿಯಲ್ಲಿ.

ಬೆಂಗಳೂರಿನಲ್ಲಿ ಸೋವಿಯತ್ ಪುಸ್ತಕಗಳು ಚಿಲ್ಲರೆ ಕಾಸಿಗೆ ಸಿಗುತ್ತಿದ್ದ ಕಾಲದವರ ಮನೆಯಲ್ಲಿ ಲಂಡಾವ್ ಮತ್ತು ಕಿತೈಗೊರೊದ್‌ಸ್ಕಿ ಬರೆದ 'ಎಲ್ಲರಿಗಾಗಿ ಭೌತಶಾಸ್ತ್ರ'ದ ಇಂಗ್ಲಿಷ್ ಪ್ರತಿ ಇದ್ದರೂ ಇರಬಹುದು. ಆ ಕಿತೈಗೊರೊದ್‌ಸ್ಕಿ ನಮ್ಮ ಗಾಜಿನ ಮೇಷ್ಟ್ರ ಮಗ ಅಲೆಕ್ಸಾಂಡರ್. ಅಪ್ಪ ಗಾಜಿನೊಳಗೆ ಹರಳು ಬೆಳೆಸಿದರೆ, ಮಗ ಹರಳಿನೊಳಗೆ ಅಣುಗಳು ಹೇಗೆ ಒತ್ತಾಗಿ ಕೂರುತ್ತವೆ ಎಂದು ಲೆಕ್ಕ ಹಾಕುತ್ತ ಹೆಸರಾದ.

ಇಷ್ಟಾದರೂ ಕಿಟ್ಟವನ್ನು ಗೆದ್ದುಕೊಂಡದ್ದು ಸಿಮೆಂಟು. ಹರಳು ಕಟ್ಟಿಸಲು ಮತ್ತೆ ಕರಗಿಸಬೇಕು, ಮತ್ತೆ ಕಾಯಿಸಬೇಕು, ಉರುವಲಿನ ಖರ್ಚು ಎರಡೆರಡು ಸಲ. ಸಿಮೆಂಟಿಗಾದರೆ ಆ ರಗಳೆ ಇಲ್ಲ. ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಿಟ್ಟವೂ ಆ ದಾರಿ ಹಿಡಿದಿದೆ. ಸಿಮೆಂಟಿಗೆ ಬೇಕಾದದ್ದು ನೇರ ಉಲ್ಟಾ: ಹರಳು ಕಟ್ಟಿದ ಕಿಟ್ಟ ಸಿಮೆಂಟಿನಲ್ಲಿ ನೀರಿನೊಡನೆ ಬೆರೆತು ಗಟ್ಟಿಯಾಗದೆ ಮೈಗಳ್ಳನಂತೆ ಕೂರುತ್ತದೆ. ಅದಕ್ಕೇ ಕಿಟ್ಟ ಕುಲುಮೆಯಿಂದ ಹೊರಬಂದು ಹರಿಯುವಾಗಲೇ ಜೋರಾಗಿ ನೀರು ಹೊಡೆಯುತ್ತಾರೆ. ಭುಸ್ಸೆಂದು ಹಬೆಯೇಳುತ್ತದೆ. ಹರಳಿಗೆ ಹುಟ್ಟಲು ಪುರುಸೊತ್ತೇ ಸಿಗದೆ, ಕೆಂಪು ಹೊಳೆ ಗಾಜಿನ ಮರಳಾಗಿ ಉದುರುತ್ತದೆ.