ಹಸಿರು ಬಾತುಕೋಳಿ ಕಲಿಸಿದ ಕೋಡಿಂಗ್

ಮ್ಯಾಕ್ ಕಂಪ್ಯೂಟರ್ ಬಳಸುತ್ತಿದ್ದವರಿಗೆ ಒಂದು ಕಾಲಕ್ಕೆ 'ಏಡಿಯಂ' ಎಂಬ ಚಾಟ್ ತಂತ್ರಾಂಶ ಚಿರಪರಿಚಿತವಾಗಿತ್ತು. ಅದರ ಗುರುತು ಒಂದು ಹಸಿರು ಬಾತುಕೋಳಿ. ಹೊಸ ಸಂದೇಶ ಬಂದರೆ ಸಾಕು, ಪರದೆಯ ಅಂಚಿನಲ್ಲಿ ಕೂತ ಆ ಬಾತುಕೋಳಿ ರೆಕ್ಕೆ ಬಡಿಯುತ್ತಿತ್ತು. ಆದರೆ ಏಡಿಯಂ ಅನ್ನು ನಾನು ನೆನೆಯುವುದು ಬೇರೆ ಕಾರಣಕ್ಕೆ. ಕೋಡಿಂಗ್‌ನ ಗಂಧಗಾಳಿ ಇಲ್ಲದ ಎಷ್ಟೋ ಮಂದಿ ತಮ್ಮ ಚಾಟ್ ಕಿಟಕಿಯನ್ನು ಅಂದಗಾಣಿಸಲು ಹೋಗಿ ವೆಬ್ ವಿನ್ಯಾಸದ ಓನಾಮ ಕಲಿತದ್ದು ಅಲ್ಲಿ.

ಏಡಿಯಂ ಹುಟ್ಟಿದ್ದು 2001ರ ಸೆಪ್ಟೆಂಬರಿನಲ್ಲಿ. ಬರೆದವನು ಆಡಂ ಐಸರ್ ಎಂಬ ಕಾಲೇಜು ವಿದ್ಯಾರ್ಥಿ. ಆಗ ಅಮೆರಿಕದ ಹುಡುಗ ಹುಡುಗಿಯರ ಹರಟೆಗೆ ದೊಡ್ಡ ಅಡ್ಡಾ ಎಂದರೆ ಎಒಎಲ್ ಕಂಪನಿಯ 'ಎಐಎಂ' ಜಾಲ. ಮೊದಲ ಏಡಿಯಂಗೆ ಗೊತ್ತಿದ್ದದ್ದೂ ಅದೊಂದೇ. ಮುಂದೆ ಯಾಹೂ, ಎಂಎಸ್‌ಎನ್, ಜ್ಯಾಬರ್ ಎಲ್ಲವೂ ಒಂದೇ ಕಡೆ ಸೇರಿದವು. ಈ ಜಾಲಗಳ ಜೊತೆ ಮಾತಾಡುವ ಕೋಡನ್ನು ಏಡಿಯಂ ಬಳಗ 'ಗೇಮ್' ಎಂಬ ಇನ್ನೊಂದು ಮುಕ್ತ ತಂತ್ರಾಂಶದಿಂದ ಪಡೆಯಿತು. ಹೆಸರಿನ ವಿಚಾರದಲ್ಲಿ ಎಒಎಲ್ ತಕರಾರು ತೆಗೆದ ಮೇಲೆ ಆ ಗೇಮ್ 2007ರಲ್ಲಿ 'ಪಿಜಿನ್' ಆಯಿತು. ಜಾಲಗಳೊಡನೆ ಗುದ್ದಾಡುವ ಕೆಲಸವನ್ನು ಆ ತಂತ್ರಾಂಶದವರು ನೋಡಿಕೊಂಡದ್ದರಿಂದ ಏಡಿಯಂನವರಿಗೆ ಅಂದಚಂದದ ಕಡೆ ಗಮನ ಕೊಡಲು ಪುರುಸೊತ್ತು ಸಿಕ್ಕಿತು.

ತಿರುವು ಬಂದದ್ದು 2003ರ ನಂತರ. ಆ ವರ್ಷ ಆ್ಯಪಲ್ ತನ್ನ ಸಫಾರಿ ಬ್ರೌಸರ್ ಹೊರತಂದಿತು. ಅದರ ಒಳಗಿನ 'ವೆಬ್‌ಕಿಟ್' ಎಂಜಿನ್ನನ್ನು ಬೇರೆ ತಂತ್ರಾಂಶ ಬರೆಯುವವರೂ ಬಳಸಿಕೊಳ್ಳಲು ಬಿಟ್ಟಿತು. ಏಡಿಯಂ ಅದನ್ನು ತಂದು ಚಾಟ್ ಕಿಟಕಿಯೊಳಗೇ ಕೂರಿಸಿತು. ಅಲ್ಲಿಂದಾಚೆಗೆ ಗೆಳೆಯರ ಮಾತುಕತೆ ಕಾಣಿಸುತ್ತಿದ್ದುದು ಒಂದು ಪುಟ್ಟ ವೆಬ್ ಪುಟದಲ್ಲಿ. ವೆಬ್ ಪುಟ ಎಂದಮೇಲೆ ಪುಟ ಕಟ್ಟುವ ಎಚ್‌ಟಿಎಂಎಲ್, ಅದನ್ನು ಅಂದಗೊಳಿಸುವ ಸಿಎಸ್‌ಎಸ್ ಬಲ್ಲ ಯಾರು ಬೇಕಾದರೂ ಅದರ ರೂಪ ಬದಲಿಸಬಹುದು. ಬಾರದವರು ಬದಲಿಸುತ್ತಲೇ ಕಲಿಯಬಹುದು.

ಚಾಟ್ ಕಿಟಕಿಗೆ ಹೀಗೆ ರೂಪ ಕೊಡುವ 'ಥೀಮ್' ನೋಡಲು ಒಂದೇ ಕಡತದಂತಿತ್ತು. ಬಲ ಕ್ಲಿಕ್ ಮಾಡಿ 'ಶೋ ಪ್ಯಾಕೇಜ್ ಕಂಟೆಂಟ್ಸ್' ಒತ್ತಿದರೆ ಮಾಮೂಲಿ ಫೋಲ್ಡರಿನ ಹಾಗೆ ತೆರೆದುಕೊಳ್ಳುತ್ತಿತ್ತು. ಬಂದ ಸಂದೇಶಕ್ಕೆ 'ಇನ್‌ಕಮಿಂಗ್', ಕಳಿಸಿದ್ದಕ್ಕೆ 'ಔಟ್‌ಗೋಯಿಂಗ್' ಎಂಬ ಫೋಲ್ಡರು. ಬಣ್ಣಗಳಿಗೆ 'ವೇರಿಯಂಟ್ಸ್' ಎಂಬ ಮತ್ತೊಂದು. ಕಲಿಯುವವರು ಮೊದಲು ಕೈ ಹಾಕುತ್ತಿದ್ದುದು ಈ ಮೂರನೆಯದಕ್ಕೆ. ಬೇರೆ ಯಾರೋ ಮಾಡಿದ ಥೀಮಿನ ನಕಲು ತೆಗೆದು, ಬಣ್ಣದ ಒಂದು ಸಾಲು ತಿದ್ದಿ ಉಳಿಸಿದರೆ ನೀಲಿ ಪೆಟ್ಟಿಗೆ ಕೆಂಪಾಗುತ್ತಿತ್ತು. ಮಾಡಿದ್ದರ ಫಲ ಕಣ್ಣೆದುರೇ ಕಾಣುವುದಕ್ಕಿಂತ ದೊಡ್ಡ ಪ್ರೋತ್ಸಾಹ ಕಲಿಕೆಗೆ ಬೇರೆ ಇಲ್ಲ.

ಮುಂದಿನ ಪಾಠ 'ಕಂಟೆಂಟ್' ಎಂಬ ಕಡತದ್ದು. ಶೇಕಡಾ ಚಿಹ್ನೆಗಳ ನಡುವೆ 'ಮೆಸೇಜ್' ಎಂದು ಬರೆದ ಕಡೆ ಸಂದೇಶ, 'ಸೆಂಡರ್' ಎಂದು ಬರೆದ ಕಡೆ ಕಳಿಸಿದವರ ಹೆಸರು, 'ಟೈಮ್' ಎಂದ ಕಡೆ ಗಂಟೆ. ಜಾಗ ನೀವು ಬಿಡಬೇಕು, ಅದನ್ನು ತಂತ್ರಾಂಶ ತುಂಬುತ್ತದೆ. ಟೆಂಪ್ಲೇಟ್ ಎಂದರೇನು ಎಂಬುದಕ್ಕೆ ಇಷ್ಟು ಸರಳವಾದ ವಿವರಣೆಯನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಓದಿಲ್ಲ.

ನಿಜವಾದ ಪರೀಕ್ಷೆ ಇದ್ದದ್ದು 'ನೆಕ್ಸ್ಟ್‌ಕಂಟೆಂಟ್' ಎಂಬ ಇನ್ನೊಂದು ಕಡತದಲ್ಲಿ. ಒಬ್ಬರೇ ಒಂದರ ಹಿಂದೊಂದು ಸಂದೇಶ ಕಳಿಸಿದರೆ ಪ್ರತಿ ಸಲ ಹೆಸರು, ಚಿತ್ರ ತೋರಿಸಬೇಕಿಲ್ಲ. ಎರಡನೆಯ ಮಾತು ಮೊದಲನೆಯದರ ಪೆಟ್ಟಿಗೆಯೊಳಗೇ ಕೂರಬೇಕು. ಎಲ್ಲಿ ಕೂರಬೇಕೆಂದು ತಿಳಿಸಲು 'ಇನ್ಸರ್ಟ್' ಎಂಬ ಗುರುತಿನ ಒಂದು ಖಾಲಿ ಅಂಶ ಇಡಬೇಕಿತ್ತು. ಹೊಸ ಸಂದೇಶ ಬಂದು ಆ ಗುರುತನ್ನೇ ಅಳಿಸಿ ಅಲ್ಲಿ ಕೂರುತ್ತದೆ. ಹಾಗಾಗಿ ಎರಡನೆಯ ಸಂದೇಶ ಬರುವಾಗ ಮೂರನೆಯದಕ್ಕೆ ಜಾಗದ ಗುರುತು ತಾನೇ ಹೊತ್ತು ತರಬೇಕು. ತರದಿದ್ದರೆ ಮೂರನೆಯದಕ್ಕೆ ನೆಲೆಯಿಲ್ಲ. ಇವತ್ತಿನ ಸಂದೇಶಕ್ಕಷ್ಟೇ ಬರೆದರೆ ಸಾಲದು, ಇನ್ನೂ ಬಾರದ ಸಂದೇಶಕ್ಕೂ ಬರೆದಿರಬೇಕು ಎಂಬುದನ್ನು ಹೊಸಬರು ಕಲಿಯುತ್ತಿದ್ದುದು ಹೀಗೆ.

ಭಾಷೆಯ ಪಾಠವೂ ಇತ್ತು. ಅರಬ್ಬಿ, ಹೀಬ್ರೂಗಳಂತೆ ಬಲದಿಂದ ಎಡಕ್ಕೆ ಸಾಗುವ ಲಿಪಿಗಳಿಗಾಗಿ ಸಂದೇಶದ ದಿಕ್ಕು ಸೂಚಿಸುವ ಏರ್ಪಾಡನ್ನು ಏಡಿಯಂ ಮಾಡಿತ್ತು. ಕನ್ನಡದ ತೊಡಕು ಬೇರೆ. ನಮ್ಮ ಒತ್ತಕ್ಷರಗಳು ಸಾಲಿನಿಂದ ಕೆಳಕ್ಕೆ ಇಳಿಯುತ್ತವೆ. ಇಂಗ್ಲಿಷ್ ಅಕ್ಷರಗಳ ಅಳತೆಗೆ ಬಿಗಿಯಾಗಿ ಹೊಲಿದ ಪೆಟ್ಟಿಗೆಯಲ್ಲಿ 'ಶಾಸ್ತ್ರ' ಎಂದು ಬರೆದು ನೋಡಿ. ಸಾಲಿನ ಎತ್ತರ ಕಡಿಮೆಯಾದರೆ ತಕಾರದ ಒತ್ತು, ರಕಾರದ ಒತ್ತು ಕೆಳಗಿನ ಸಾಲಿಗೆ ತಾಗುತ್ತವೆ, ಇಲ್ಲವೇ ಅಂಚಿನಲ್ಲಿ ಕತ್ತರಿಸಿಹೋಗುತ್ತವೆ. ಸಿಎಸ್‌ಎಸ್‌ನಲ್ಲಿ ಒಂದು ಅಂಕಿ ಹಿಗ್ಗಿಸಿದರೆ ಸರಿಹೋಗುವ ವಿಷಯ ಇದು. ಆದರೆ ಆ ಅಂಕಿ ನಮ್ಮ ಕೈಗೆ ಸಿಗಬೇಕಲ್ಲ?

ಏಡಿಯಂನ ಈ ಥೀಮ್ ಪದ್ಧತಿ ಮ್ಯಾಕ್‌ನ ಗಡಿ ದಾಟಿತು. ಲಿನಕ್ಸ್‌ನ 'ಕೊಪೀಟೆ', 'ಎಂಪತಿ' ತಂತ್ರಾಂಶಗಳು ಅದನ್ನು ಒಪ್ಪಿಕೊಂಡವು. 'ಇನ್‌ಸ್ಟಂಟ್‌ಬರ್ಡ್' ಮೂಲಕ ಅದು ಥಂಡರ್‌ಬರ್ಡ್‌ನ ಚಾಟ್ ವಿಭಾಗಕ್ಕೂ ಬಂತು. ಯಾವುದೋ ಊರಿನ ವಿದ್ಯಾರ್ಥಿ ಮಾಡಿದ ಥೀಮನ್ನು ಇನ್ಯಾವುದೋ ದೇಶದವರು ಇಳಿಸಿಕೊಂಡು, ಬಿಚ್ಚಿ, ತಿದ್ದಿ, ಮತ್ತೊಂದು ಮಾಡುತ್ತಿದ್ದರು.

ಆಮೇಲೆ ಮಾತುಕತೆಯೆಲ್ಲ ಮೊಬೈಲಿಗೆ ಹೋಯಿತು. ಹಳೆಯ ಜಾಲಗಳು ಒಂದೊಂದಾಗಿ ಬಾಗಿಲು ಹಾಕಿದವು. 2017ರ ಡಿಸೆಂಬರ್ 15ರಂದು ಎಐಎಂ ಕೂಡ ನಿಂತಿತು. ಇವತ್ತಿನ ಜನಪ್ರಿಯ ಚಾಟ್ ಆ್ಯಪ್‌ಗಳಲ್ಲಿ 'ಥೀಮ್' ಎಂದರೆ ಹೆಚ್ಚಾಗಿ ಕಂಪನಿ ಕೊಟ್ಟ ಬಣ್ಣಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು, ಬೇಕಿದ್ದರೆ ಹಿಂದೊಂದು ಫೋಟೊ ಹಾಕಿಕೊಳ್ಳುವುದು. ಸುರಕ್ಷತೆಗಾಗಿ ಒಂದಿಷ್ಟು ಬಿಗಿ ಬೇಕು ಎನ್ನುವುದನ್ನು ಒಪ್ಪುತ್ತೇನೆ. ಆದರೆ ದಿನಕ್ಕೆ ನೂರು ಸಲ ನೋಡುವ ಕಿಟಕಿಯ ಒಂದು ಮೊಳೆಯನ್ನೂ ನಾವು ಸಡಿಲಿಸುವಂತಿಲ್ಲ ಎಂಬ ಸ್ಥಿತಿ ನನ್ನನ್ನು ರೇಗಿಸುತ್ತದೆ. ಇದರಿಂದ ಹೋದದ್ದು ಬರೀ ಅಲಂಕಾರವಲ್ಲ, ಕಲಿಯಲು ಇದ್ದ ಒಂದು ಒಳ್ಳೆಯ ದಾರಿ.

ನಮ್ಮ ಶಾಲೆಗಳಲ್ಲಿ ಈಗ ಕೋಡಿಂಗ್ ಕಲಿಸಬೇಕೆಂಬ ಉತ್ಸಾಹ ಜೋರಾಗಿದೆ. ಕಲಿಸುವವರಿಗೆ ನನ್ನದೊಂದು ಕೋರಿಕೆ. ದುಬಾರಿ ಪಠ್ಯಕ್ರಮ ಕೊಳ್ಳುವ ಮೊದಲು ಮಕ್ಕಳಿಗೆ ಒಂದು ನೋಟ್‌ಪ್ಯಾಡ್, ಒಂದು ಬ್ರೌಸರ್ ಕೊಡಿ. ಇಬ್ಬರು ಗೆಳೆಯರ ಮಾತುಕತೆಯನ್ನು ಎಚ್‌ಟಿಎಂಎಲ್‌ನಲ್ಲಿ ಬರೆಸಿ, ಅದೂ ಕನ್ನಡದಲ್ಲಿ. ಒತ್ತು ಕತ್ತರಿಸಿಹೋಗದಂತೆ, ಉದ್ದನೆಯ ಹೆಸರು ಪೆಟ್ಟಿಗೆ ದಾಟದಂತೆ ಸಿಎಸ್‌ಎಸ್ ಹೊಂದಿಸಲು ಹೇಳಿ. ಇದಕ್ಕೆ ಯಾವ ಕಂಪನಿಯ ಅಪ್ಪಣೆಯೂ ಬೇಕಿಲ್ಲ.