ಚಿತ್ರಸಂಕಲನವೂ ನಿಜವರ್ಣದ ಪರೀಕ್ಷೆಯೂ



ನಮ್ಮ ವಾರ್ಷಿಕೋತ್ಸವದ ವೀಡಿಯೋವನ್ನು ಹುಡುಗಿಯರೇ ಲ್ಯಾಪ್‌ಟಾಪಿನಲ್ಲಿ ಸಂಕಲಿಸಿದರು. ಅದರ ತೆರೆಯು ಹಳದಿ ಬೆರೆಸಿ ತೋರುತ್ತಿದ್ದುದರಿಂದ ಅವರು ನೀಲಿಯನ್ನು ಹೆಚ್ಚಿಸಿದರು. ಸಭಾಂಗಣದಲ್ಲಿ ಬಿಳಿ ಸೀರೆಗಳೂ ಮುಖಗಳೂ ನೀಲಿಗಟ್ಟಿ ಕಂಡುವು. ಮಕ್ಕಳು ಬಹಳವಾಗಿ ನೊಂದರು.

ಇದಕ್ಕೆ ಪರಿಹಾರವುಂಟು. ವೀಡಿಯೋ ಇಂಟರ್‌ಫೇಸ್ ಎಂಬ ಕೈಚೀಲದಲ್ಲಿ ಹಿಡಿಯುವ ಸಣ್ಣ ಪೆಟ್ಟಿಗೆಯು, ಲ್ಯಾಪ್‌ಟಾಪಿನ ವರ್ಣವ್ಯವಸ್ಥೆಗೆ ಸಿಕ್ಕದೆ, ಸಂಕಲನ ತಂತ್ರಾಂಶದಿಂದಲೇ ಚಿತ್ರವನ್ನು ಪಡೆದು ಬೇರೊಂದು ಮಾನಿಟರಿಗೆ ಕೊಡುತ್ತದೆ. ಬ್ಲ್ಯಾಕ್‌ಮ್ಯಾಜಿಕ್ ಸಂಸ್ಥೆಯ ಅಲ್ಟ್ರಾಸ್ಟುಡಿಯೋ ಮಾನಿಟರ್ 3ಜಿ ಎಂಬುದು ಥಂಡರ್‌ಬೋಲ್ಟ್ ತಂತಿಯಿಂದ ಪಡೆದುದನ್ನು ಎಚ್‌ಡಿಎಂಐ, ಎಸ್‌ಡಿಐ ತಂತಿಗಳಲ್ಲಿ 1080 ಗೆರೆಗಳವರೆಗೆ ಕಳುಹಿಸುವದು. ಆದರೆ ಆ ಮಾನಿಟರನ್ನು 1990ರ ಬಿಟಿ.709 ಎಂಬ ಅಂತರರಾಷ್ಟ್ರೀಯ ಮಾನಕ್ಕೆ ಹೊಂದಿಸಿರತಕ್ಕದ್ದು, ಇಲ್ಲವಾದರೆ ಪ್ರಯೋಜನವಿಲ್ಲ.

ಇನ್ನೊಂದು ಮಾತು. ಕ್ಯಾಮರಾದ ಮೂಲ ಕಡತಗಳಲ್ಲಿ ಅನೇಕವು ಪ್ರತಿ ಚಿತ್ರವನ್ನು ಪೂರ್ಣವಾಗಿಡದೆ, ಅಕ್ಕಪಕ್ಕದ ಚಿತ್ರಗಳಿಗಿಂತ ಆದ ವ್ಯತ್ಯಾಸವನ್ನೇ ಹೆಚ್ಚಾಗಿ ಇಡುತ್ತವೆ. ಅವನ್ನು ಬಿಡಿಸಿ ತೋರಿಸುವ ಭಾರವು ಕಂಪ್ಯೂಟರಿನದೇ. ಪೆಟ್ಟಿಗೆಯು ಅದನ್ನು ಹೊರುವದಿಲ್ಲ. ಆದಕಾರಣ ಚಿತ್ರವು ತಡವರಿಸಿದರೆ, ಹಗುರವಾದ ಪ್ರತಿಗಳಲ್ಲಿ ಕತ್ತರಿಸಿ ಜೋಡಿಸಿ, ಬಣ್ಣ ತಿದ್ದುವಾಗ ಮಾತ್ರ ಮೂಲಕ್ಕೆ ಮರಳುವದು ಲೇಸು.

ತಪ್ಪು ತೋರುವ ತೆರೆಯನ್ನು ನಂಬಿ ತಿದ್ದಿದವರು ಸರಿಯಾದುದನ್ನೇ ಕೆಡಿಸುವರು. ಈ ಪಾಠವನ್ನು ನಮ್ಮ ಮಕ್ಕಳು ಕಲಿತರು, ನಾನೂ ಕಲಿತೆನು.