ಡ್ರಮ್ಮಿನಲ್ಲಿ ಗಸಿ, ಡ್ರಿಪ್ಪರಿನಲ್ಲಿ ಕಲ್ಲು: ಗೊಬ್ಬರ ಬೆರೆಸುವ ಮುನ್ನ ತಿಳಿಯಿರಿ



ಹಿರಿಯೂರು, ಹೊಸದುರ್ಗದ ದಾಳಿಂಬೆ ತೋಟಗಳಲ್ಲಿ, ಹೊಳಲ್ಕೆರೆಯ ಅಡಿಕೆ ತೋಟಗಳಲ್ಲಿ, ಚಿತ್ರದುರ್ಗದ ಸುತ್ತಲಿನ ತರಕಾರಿ ತಾಕುಗಳಲ್ಲಿ ಹನಿ ನೀರಾವರಿ ಇಂದು ಸಾಮಾನ್ಯವಾಗಿದೆ. ನೀರಿನ ಜೊತೆಗೇ ಗೊಬ್ಬರ ಕೊಡುವ ರೂಢಿಯೂ ಬಂದಿದೆ. ಆದರೆ ಸಾಲಿನ ತುದಿಯ ಗಿಡಗಳು ಬಾಡುತ್ತಿವೆ, ಡ್ರಮ್ಮಿನ ತಳದಲ್ಲಿ ಬಿಳಿ ಗಸಿ ನಿಲ್ಲುತ್ತಿದೆ ಎಂಬ ದೂರೂ ಇದೆ. ಗೊಬ್ಬರವೇ ಕಲಬೆರಕೆ ಎಂದು ಕೆಲವರು ತಿಳಿಯುತ್ತಾರೆ. ಬಹಳ ಸಲ ಗೊಬ್ಬರ ಒಳ್ಳೆಯದೇ ಇರುತ್ತದೆ. ಬೆರೆಸಿದ ಜೋಡಿ ಮಾತ್ರ ತಪ್ಪು.

ಗಸಿ ಹುಟ್ಟುವುದು ಹೇಗೆ?

ಗೊಬ್ಬರ ನೀರಿನಲ್ಲಿ ಕರಗಿದಾಗ ಅಯಾನುಗಳೆಂಬ ವಿದ್ಯುದಂಶವುಳ್ಳ ಕಣಗಳಾಗಿ ಬಿಡಿಬಿಡಿಯಾಗುತ್ತದೆ. ಕ್ಯಾಲ್ಸಿಯಂ ನೈಟ್ರೇಟಿನಿಂದ ಕ್ಯಾಲ್ಸಿಯಂ ಮತ್ತು ನೈಟ್ರೇಟ್, ಪೊಟ್ಯಾಷಿಯಂ ಸಲ್ಫೇಟಿನಿಂದ ಪೊಟ್ಯಾಷಿಯಂ ಮತ್ತು ಸಲ್ಫೇಟ್ ಬರುತ್ತವೆ. ಎರಡನ್ನೂ ಒಂದೇ ಡ್ರಮ್ಮಿಗೆ ಸುರಿದರೆ:

ಕ್ಯಾಲ್ಸಿಯಂ ಅಯಾನು + ಸಲ್ಫೇಟ್ ಅಯಾನು → ಕ್ಯಾಲ್ಸಿಯಂ ಸಲ್ಫೇಟ್ (ಗಸಿ)

ಇದೇ ಜಿಪ್ಸಂ. ವಿಜ್ಞಾನದಲ್ಲಿ ಇದಕ್ಕೆ ಪ್ರಕ್ಷೇಪ ಕ್ರಿಯೆ ಎನ್ನುತ್ತಾರೆ. ಪೊಟ್ಯಾಷಿಯಂ, ನೈಟ್ರೇಟುಗಳು ಇದರಲ್ಲಿ ಸೇರದೆ ನೀರಿನಲ್ಲೇ ಉಳಿಯುತ್ತವೆ.

ಜಿಪ್ಸಂ ಲೀಟರ್ ನೀರಿನಲ್ಲಿ ಸುಮಾರು ಎರಡೂವರೆ ಗ್ರಾಂ ಮಾತ್ರ ಕರಗುತ್ತದೆ. ಅಂದರೆ 200 ಲೀಟರ್ ಡ್ರಮ್ಮಿನಲ್ಲಿ ಅರ್ಧ ಕೆ.ಜಿ. ಅದೇ ಡ್ರಮ್ಮಿಗೆ ಈ ಎರಡು ಗೊಬ್ಬರಗಳನ್ನು ತಲಾ 10 ಕೆ.ಜಿ. ಹಾಕಿದರೆ ಲೆಕ್ಕದಂತೆ 7 ಕೆ.ಜಿ.ಗೂ ಮಿಕ್ಕಿ ಗಸಿ ನಿಲ್ಲಬಹುದು. ಕೊಟ್ಟ ಹಣ ತಳ ಸೇರಿತು, ಡ್ರಿಪ್ಪರೂ ಕಟ್ಟಿತು!

ಮೆಗ್ನೀಷಿಯಂ ಸಲ್ಫೇಟ್, 12-61-0, 19-19-19 ಇವನ್ನೂ ಕ್ಯಾಲ್ಸಿಯಂ ನೈಟ್ರೇಟಿನೊಡನೆ ಬೆರೆಸಬಾರದು. ರಂಜಕವೂ ಕ್ಯಾಲ್ಸಿಯಂ ಜೊತೆ ಗಸಿಯಾಗುತ್ತದೆ.

ಗಡಸು ನೀರಿನ ಕಾಟ

ಗೊಬ್ಬರ ಬೆರೆಸದಿದ್ದರೂ ಗಡಸು ನೀರಿನ ಬೋರ್‌ವೆಲ್ ಇರುವಲ್ಲಿ ಡ್ರಿಪ್ಪರ್ ಕಟ್ಟುತ್ತದೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಲಿಗೆ ಕಾದಾಗ ಅಂಗಾರಾಮ್ಲ ಅನಿಲ ಹೊರಹೋಗಿ ಸುಣ್ಣಕಲ್ಲು ಉಳಿಯುತ್ತದೆ. ಬಚ್ಚಲ ಹಂಡೆಯ ಒಳಗೆ ಬಿಳಿ ಹೊಪ್ಪಳೆ ಕಟ್ಟುವುದೂ ಇದರಿಂದಲೇ.

ಗುರುತು ಸುಲಭ. ಬಿಳಿ ಪುಡಿಯ ಮೇಲೆ ನಿಂಬೆರಸ ಹಿಂಡಿರಿ. ನೊರೆ ಬಂದರೆ ಸುಣ್ಣ. ಅದು ಆಮ್ಲಕ್ಕೆ ಕರಗುತ್ತದೆ. ನೊರೆ ಬಾರದಿದ್ದರೆ ಜಿಪ್ಸಂ ಇರಬಹುದು. ಅದಕ್ಕೆ ಆಮ್ಲ ಹೆಚ್ಚು ಉಪಯೋಗವಿಲ್ಲ, ಬಾರದಂತೆ ನೋಡಿಕೊಳ್ಳುವುದೇ ಮದ್ದು.

ಹೀಗೆ ಮಾಡಿರಿ

1. ಪಾರದರ್ಶಕ ಬಾಟಲಿಯಲ್ಲಿ ನಿಮ್ಮದೇ ಬೋರ್ ನೀರು ತುಂಬಿ, ಡ್ರಮ್ಮಿಗೆ ಹಾಕುವ ಪ್ರಮಾಣದಲ್ಲೇ ಗೊಬ್ಬರಗಳನ್ನು ಬೆರೆಸಿ ಎರಡು ಗಂಟೆ ಇಡಿ. ನೀರು ಹಾಲಿನಂತಾದರೆ ಆ ಜೋಡಿ ಬೇಡ.

2. ಕ್ಯಾಲ್ಸಿಯಂ ನೈಟ್ರೇಟಿಗೆ ಬೇರೆ ಡ್ರಮ್, ಬೇರೆ ದಿನ. ಪ್ರತಿ ಸಲ ಗೊಬ್ಬರ ಮುಗಿದ ಮೇಲೆ ಬರೀ ನೀರು ಹರಿಸಿ ಪೈಪು ತೊಳೆಯಿರಿ.

3. ಸುಣ್ಣ ಕಟ್ಟಿದ್ದರೆ ಆಮ್ಲ ಬಿಡುವ ಪ್ರಮಾಣವನ್ನು ನೀರು ಪರೀಕ್ಷೆಯ ನಂತರವೇ ನಿರ್ಧರಿಸಿ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಎಂದಿಗೂ ಸುರಿಯಬಾರದು. ಬ್ಲೀಚಿಂಗ್ ಪುಡಿಯೊಡನೆ ಆಮ್ಲ ಸೇರಿದರೆ ವಿಷಾನಿಲ ಏಳುತ್ತದೆ. ಕೈಗವಸು, ಕನ್ನಡಕ ಮರೆಯದಿರಿ.

ಗಸಿಯೇ ಮದ್ದಾಗುವುದೂ ಉಂಟು

ಬೋರ್ಡೋ ದ್ರಾವಣ ನೋಡಿರಿ. ಮೈಲುತುತ್ತಕ್ಕೆ ಸುಣ್ಣದ ತಿಳಿ ಸೇರಿದಾಗ ಹುಟ್ಟುವ ನೀಲಿ ಗಸಿಯೇ ಎಲೆಗೆ ಅಂಟಿ ರೋಗ ತಡೆಯುತ್ತದೆ. ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರು, ತಲಾ 1 ಕೆ.ಜಿ. ಮೈಲುತುತ್ತ ಮತ್ತು ಸುಣ್ಣ. ಉಜ್ಜಿದ ಕಬ್ಬಿಣದ ಚಾಕುವನ್ನು ಅದ್ದಿ ನೋಡಿರಿ. ಕೆಂಪು ಬಣ್ಣ ಹತ್ತಿದರೆ ತಾಮ್ರದ ಅಯಾನು ಇನ್ನೂ ಬಿಡಿಯಾಗಿದೆ, ಎಲೆ ಸುಟ್ಟೀತು. ಇನ್ನಷ್ಟು ಸುಣ್ಣದ ತಿಳಿ ಸೇರಿಸಿ, ಅಂದೇ ಸಿಂಪಡಿಸಿ.

ಬೋರ್ ನೀರನ್ನು ಒಮ್ಮೆಯಾದರೂ ಪರೀಕ್ಷೆ ಮಾಡಿಸಿರಿ. ಹಿರಿಯೂರು ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ. ಒಂದು ಬಾಟಲಿ ನೀರು, ಎರಡು ಗಂಟೆ ತಾಳ್ಮೆ. ಇಷ್ಟರಿಂದ ಇಡೀ ತೋಟದ ಪೈಪು ಉಳಿಯುತ್ತದೆ.